ಮಗು ಎಲ್ಲಿ ಎಡವುತ್ತಿದೆ? ಓದು ತಲೆಗೆ ಹತ್ತದ ಮಕ್ಕಳೊಂದಿಗೆ ತರಗತಿಯಲ್ಲಿ ಕೆಲಸ ಮಾಡುವ ಬಗೆ

ಐದನೇ ತರಗತಿಯ ಹುಡುಗನೊಬ್ಬ ಪಾಠ ಓದುತ್ತಿದ್ದ. ಸ್ಪಷ್ಟ ದನಿ, ಎಲ್ಲಿಯೂ ತಡವರಿಕೆಯಿಲ್ಲ. ಪುಟದ ಕೊನೆಯ ಸಾಲು ಮುಗಿಯಿತು, ಆದರೆ ಅವನು ಪುಟ ತಿರುಗಿಸಲಿಲ್ಲ. ಕಣ್ಣು ಹಿಂದಿನ ಪುಟದಲ್ಲೇ ಇತ್ತು, ಬಾಯಿ ಮುಂದಿನ ಪುಟದ ಸಾಲುಗಳನ್ನು ಹೇಳುತ್ತಿತ್ತು. ಬೇರೆಯವರು ಓದುವುದನ್ನು ಕೇಳಿ ಕೇಳಿಯೇ ಅವನು ಇಡೀ ಪಾಠವನ್ನು ಬಾಯಿಪಾಠ ಮಾಡಿಕೊಂಡಿದ್ದ. ನಾನು ಬೆರಳಿಟ್ಟು ತೋರಿಸಿದ ಒಂದೇ ಒಂದು ಪದವನ್ನು ಅವನಿಂದ ಓದಲಾಗಲಿಲ್ಲ. ನಾಲ್ಕು ವರ್ಷ ನಮ್ಮ ಕಣ್ಣೆದುರೇ ಕುಳಿತಿದ್ದ ಹುಡುಗ ಅವನು. ಎರಡು ಪುಟ ಪಾಠವನ್ನು ಕಿವಿಯಿಂದಲೇ ಕಲಿತವನನ್ನು ದಡ್ಡ ಎನ್ನುವುದು ಹೇಗೆ?

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಕನ್ನಡ ಶಾಲೆಗಳಲ್ಲಿ ಮೂರರಿಂದ ಏಳನೇ ತರಗತಿಯವರೆಗೆ ಕಲಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ವೈದ್ಯರ ಪ್ರಮಾಣಪತ್ರ ಬರಲಿ, ಆಮೇಲೆ ನೋಡೋಣ ಎಂದು ಕಾಯುವುದು ಬೇಡ. ಮಗು ಯಾವ ಜಾಗದಲ್ಲಿ ಎಡವುತ್ತಿದೆ ಎಂದು ತಿಳಿದರೆ ನಾಳೆ ಬೆಳಿಗ್ಗೆಯೇ ಕೆಲಸ ಶುರು ಮಾಡಬಹುದು.

ಹೆಜ್ಜೆ 1: ತೊಡಕು ಯಾವುದಲ್ಲ ಎಂಬುದನ್ನು ಮೊದಲು ನೋಡಿ

ಹಿಂದುಳಿದ ಮಕ್ಕಳಿಗೆಲ್ಲ ಕಲಿಕಾ ನ್ಯೂನತೆ (ಬುದ್ಧಿ ಚುರುಕಾಗಿದ್ದರೂ ಓದು, ಬರಹ, ಲೆಕ್ಕ ಮಾತ್ರ ಹತ್ತದ ತೊಡಕು) ಇರುವುದಿಲ್ಲ. ಹಾಜರಿ ಪುಸ್ತಕವನ್ನೇ ಮೊದಲು ತೆಗೆಯಿರಿ. ಹಾವೇರಿ ಕಡೆ ಬೀಜೋತ್ಪಾದನೆಯ ಹತ್ತಿ ಹೊಲದಲ್ಲಿ ಕ್ರಾಸಿಂಗ್ ಕೆಲಸ (ಹೂವಿಗೆ ಕೈಯಿಂದ ಪರಾಗ ಹಚ್ಚುವುದು) ಬಂದಾಗ, ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಬೆಂಚುಗಳು ಖಾಲಿಯಾಗುವುದು ನಮಗೆ ಗೊತ್ತಿರುವ ಸಂಗತಿಯೇ. ಗದಗ ಜಿಲ್ಲೆಯಿಂದ ತಂದೆ-ತಾಯಿಯ ಜೊತೆ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗಿ ಬಂದ ಮಗು ಎರಡು ವರ್ಷದಲ್ಲಿ ಎಂಟು ತಿಂಗಳ ಪಾಠವನ್ನೇ ಕೇಳಿರುವುದಿಲ್ಲ. ಆ ಮಗುವಿಗೆ ಬೇಕಿರುವುದು ತಪ್ಪಿಹೋದ ಪಾಠ, ಪರೀಕ್ಷೆಯ ಸರಮಾಲೆಯಲ್ಲ.

ಎರಡನೆಯದು ಕಣ್ಣು, ಕಿವಿ. ಮಗುವಿನ ಬೆನ್ನ ಹಿಂದೆ ನಿಂತು ಮೆಲುದನಿಯಲ್ಲಿ ಹೆಸರು ಹಿಡಿದು ಕರೆಯಿರಿ. ಕೊನೆಯ ಸಾಲಿನಿಂದ ಹಲಗೆಯ ಮೇಲಿನ ಪದವನ್ನು ಓದಿಸಿ. ಓದಲು ಬಾರದಿದ್ದರೆ ಆ ಆಕಾರವನ್ನು ನೋಡಿ ಬರೆಯಲು ಹೇಳಿ. ಅನುಮಾನ ಬಂದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಆ ಮಗುವನ್ನೇ ಮೊದಲು ತೋರಿಸಿ. ಒಂದು ಕನ್ನಡಕದಿಂದ ಮುಗಿಯಬೇಕಾದ ವಿಷಯ ಮೂರು ವರ್ಷ ಎಳೆದಾಡಿದ್ದನ್ನು ನಾನು ಕಂಡಿದ್ದೇನೆ.

ಮೂರನೆಯದು ಮನೆಮಾತು. ತಾಂಡಾದಿಂದ ಬರುವ ಲಂಬಾಣಿ ಮಗುವಿಗೆ, ಮನೆಯಲ್ಲಿ ಉರ್ದು ಆಡುವ ಹಳೇ ಹುಬ್ಬಳ್ಳಿಯ ಮಗುವಿಗೆ ಪಠ್ಯದ ಕನ್ನಡ ಎರಡನೆಯ ಭಾಷೆ. ಕನ್ನಡವೇ ಮನೆಮಾತಾದ ನಮ್ಮ ಮಕ್ಕಳಿಗೂ ಅದು ಪೂರ್ತಿ ಸ್ವಂತದ್ದಲ್ಲ. ಪುಸ್ತಕದಲ್ಲಿ ‘ಇದೆ’ ಎಂದಿರುವಲ್ಲಿ ಮಗು ‘ಐತಿ’ ಎಂದು ಓದಿದರೆ ಅದನ್ನು ತಪ್ಪೆಂದು ಗುರುತು ಹಾಕಬೇಡಿ. ಆ ಮಗು ಅಕ್ಷರವನ್ನು ನೋಡಿ, ಅರ್ಥವನ್ನು ಹಿಡಿದು, ತನ್ನ ಮಾತಿಗೆ ತಿರುಗಿಸಿ ಹೇಳಿದೆ. ಓದುವಿಕೆಯ ಅತ್ಯಂತ ಕಷ್ಟದ ಭಾಗವನ್ನು ಅದು ಆಗಲೇ ದಾಟಿದೆ. ಹಾಗೆಯೇ ‘ಧಾರವಾಡ’ವನ್ನು ‘ದಾರವಾಡ’ ಎಂದು ಬರೆಯುವ ಮಗುವನ್ನೂ ಸಂಶಯದಿಂದ ನೋಡಬೇಕಿಲ್ಲ. ಮಹಾಪ್ರಾಣ ನಮ್ಮ ದಿನದ ಮಾತಿನಲ್ಲಿ ಕೇಳಿಸುವುದೇ ಅಪರೂಪ. ಕಿವಿಗೆ ಬೀಳದ್ದನ್ನು ಕೈ ಬರೆಯುವುದಾದರೂ ಹೇಗೆ?

ಇಷ್ಟೆಲ್ಲ ಕಳೆದ ಮೇಲೂ ಉಳಿಯುವ ಮಗುವೊಂದಿರುತ್ತದೆ. ದಿನಾ ಶಾಲೆಗೆ ಬರುತ್ತದೆ, ಚೆನ್ನಾಗಿ ಮಾತಾಡುತ್ತದೆ, ಅಂಗಡಿಯ ಲೆಕ್ಕ ಬಾಯಲ್ಲೇ ಹೇಳುತ್ತದೆ, ಆದರೆ ಕಾಗದದ ಮುಂದೆ ಕುಳಿತರೆ ಮಾತ್ರ ಕುಗ್ಗುತ್ತದೆ. ಮುಂದಿನ ಹೆಜ್ಜೆಗಳು ಆ ಮಗುವಿಗಾಗಿ.

ಹೆಜ್ಜೆ 2: ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ಕೇಳಿ

ಒಬ್ಬೊಬ್ಬರನ್ನೇ ವರಾಂಡಕ್ಕೆ ಕರೆದು ಐದಾರು ಸರಳ ವಾಕ್ಯಗಳನ್ನು ಓದಿಸಿ. ಪಠ್ಯಪುಸ್ತಕದಿಂದ ಎತ್ತಿದ ವಾಕ್ಯ ಬೇಡ, ಅದು ಬಾಯಿಪಾಠವಾಗಿರುತ್ತದೆ. ನೀವೇ ಬರೆದುಕೊಳ್ಳಿ. ಓದುವಾಗ ತಿದ್ದಬೇಡಿ. ಮಗು ಏನು ಹೇಳಿತೋ ಅದನ್ನೇ ಬರೆದುಕೊಳ್ಳಿ. ಇಡೀ ಕೆಲಸದ ಜೀವಾಳ ಇದು.

ನನ್ನ ಹಾಳೆಯಲ್ಲಿದ್ದ ಒಂದು ವಾಕ್ಯ: ‘ಬಸವಣ್ಣನ ಜಾತ್ರೆಗೆ ಅಜ್ಜಿ ಬಂದಳು.’ ಮೂವರು ಮಕ್ಕಳು ಅದನ್ನು ಮೂರು ರೀತಿಯಲ್ಲಿ ಓದಿದರು.

ಮೊದಲನೆಯವಳು ‘ಬಸವಣನ ಜಾತೆಗೆ ಅಜಿ ಬಂದಳು’ ಎಂದಳು. ಮೂಲಾಕ್ಷರ ಬರುತ್ತದೆ, ಕಾಗುಣಿತವೂ ಬರುತ್ತದೆ. ಕಣ್ಣು ಸಾಲಿನ ಮೇಲೆಯೇ ಓಡುತ್ತಿದೆ, ಕೆಳಗೆ ಇಳಿಯುತ್ತಿಲ್ಲ. ಎಡವುತ್ತಿರುವುದು ಒತ್ತಕ್ಷರದಲ್ಲಿ.

ಎರಡನೆಯವನು ‘ಬಸವರಾಜನ ಮನೆಗೆ ಅಜ್ಜ ಬಂದ’ ಎಂದ. ಅಲ್ಲೊಂದು ಇಲ್ಲೊಂದು ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಿದ್ದಾನೆ. ಬುದ್ಧಿ ಚುರುಕಾಗಿದೆ, ಮೂಲಾಕ್ಷರ ಗಟ್ಟಿಯಾಗಿಲ್ಲ. ತರಗತಿಯಲ್ಲಿ ಸುಲಭವಾಗಿ ತಪ್ಪಿಸಿಕೊಳ್ಳುವವರು ಇಂಥವರೇ. ಪುಟ ತಿರುಗಿಸದ ನಮ್ಮ ಹುಡುಗನೂ ಈ ಗುಂಪಿನವನು.

ಮೂರನೆಯವನು ‘ಬ... ಸ... ವ... ಣ್ಣ... ನ...’ ಎಂದು ಒಂದೊಂದೇ ಅಕ್ಷರವನ್ನು ಸರಿಯಾಗಿಯೇ ಹೇಳಿ ಮುಗಿಸಿದ. ಯಾರು ಬಂದರು ಎಂದು ಕೇಳಿದೆ. ಸುಮ್ಮನೆ ನನ್ನ ಮುಖ ನೋಡಿದ. ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಮೊದಲ ಅಕ್ಷರ ಮನಸ್ಸಿನಿಂದ ಜಾರಿಹೋಗಿರುತ್ತದೆ.

ಮೂವರಿಗೂ ‘ಓದು ಬರುವುದಿಲ್ಲ’ ಎಂದು ಒಂದೇ ಷರಾ ಬರೆದು, ಮೂವರಿಗೂ ಹತ್ತು ಸಲ ಕಾಪಿ ಬರೆಯಲು ಕೊಡುತ್ತೇವೆ. ಅದರಿಂದ ಮೂವರಿಗೂ ಪ್ರಯೋಜನವಿಲ್ಲ.

ವೇಗದ ಬಗ್ಗೆ ಒಂದು ಮಾತು. ಕೇಂದ್ರ ಸರ್ಕಾರದ ಓದು-ಲೆಕ್ಕದ ಕಾರ್ಯಕ್ರಮವಾದ ನಿಪುಣ್ ಭಾರತ್ ಗುರಿಯ ಪ್ರಕಾರ ಮೂರನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥ ಸಹಿತ ಓದಬೇಕು. ಕನ್ನಡದಲ್ಲಿ ‘ಮನೆಯಲ್ಲಿದ್ದವರೆಲ್ಲರೂ’ ಎಂಬುದೂ ಒಂದೇ ಪದ, ‘ಹೂ’ ಎಂಬುದೂ ಒಂದೇ ಪದ. ಪದ ಎಣಿಸಿ ಮಗುವಿನ ಹಣೆಬರಹ ಬರೆಯುವ ಮುನ್ನ ಎಂಥ ಪದಗಳನ್ನು ಕೊಟ್ಟಿದ್ದೀರಿ ಎಂದು ನೋಡಿಕೊಳ್ಳಿ.

ಹೆಜ್ಜೆ 3: ಎಡವಿದ ಜಾಗಕ್ಕೆ ತಕ್ಕ ಅಭ್ಯಾಸ

ದಿನಕ್ಕೆ ಇಪ್ಪತ್ತು ನಿಮಿಷ, ವಾರಕ್ಕೆ ಐದು ದಿನ ಸಾಕು. ಶನಿವಾರ ಒಂದೇ ದಿನ ಎರಡು ತಾಸು ಕೂರಿಸುವುದರಿಂದ ಆಗುವುದು ಕಡಿಮೆ. ಪ್ರಾರ್ಥನೆಗೆ ಮುಂಚಿನ ಹೊತ್ತು ಒಳ್ಳೆಯದು. ಬಿಸಿಯೂಟದ ನಂತರ ಬೇಡ, ಆಗ ಯಾರಿಗಾದರೂ ಕಣ್ಣು ಎಳೆಯುತ್ತದೆ. ಆಟದ ಪೀರಿಯಡ್ ಅನ್ನು ಮಾತ್ರ ಕಿತ್ತುಕೊಳ್ಳಬೇಡಿ. ಇಡೀ ದಿನದಲ್ಲಿ ಆ ಮಗು ಗೆಲ್ಲುವ ಜಾಗ ಅದೊಂದೇ ಇರಬಹುದು.

ಅಕ್ಷರಕ್ಕಿಂತ ಮೊದಲು ಕಿವಿಯನ್ನು ಸಿದ್ಧ ಮಾಡಿ. ಪದವನ್ನು ಚಪ್ಪಾಳೆಯಲ್ಲಿ ಒಡೆಸಿ: ಗ-ದ-ಗ, ಹಾ-ವೇ-ರಿ. ಆಮೇಲೆ ಒಂದು ತುಂಡನ್ನು ತೆಗೆಸಿ: ‘ಕಡಲೆ’ಯಲ್ಲಿ ‘ಲೆ’ ತೆಗೆದರೆ ಏನು ಉಳಿಯಿತು? (ಪದವನ್ನು ಮೊದಲೇ ಯೋಚಿಸಿ ಆರಿಸಿಕೊಳ್ಳಿ. ನಾನು ಒಮ್ಮೆ ‘ಕಮಲ’ದಲ್ಲಿ ‘ಕ’ ತೆಗೆಯಲು ಹೇಳಿ ಹತ್ತು ನಿಮಿಷದ ಪಾಠ ಕಳೆದುಕೊಂಡೆ.) ಮಕ್ಕಳು ಗುಟ್ಟು ಮಾತಾಡಲು ಪ್ರತಿ ಅಕ್ಷರಕ್ಕೂ ‘ಕ’ ಸೇರಿಸಿ ಆಡುವ ಕ-ಭಾಷೆಯನ್ನು ನಾವು ಗದರಿಸಿ ನಿಲ್ಲಿಸುತ್ತೇವೆ. ಪದವನ್ನು ಒಡೆದು ಕೂಡಿಸುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಆಟ ನನಗೆ ಗೊತ್ತಿಲ್ಲ.

ಮೂಲಾಕ್ಷರ ಗಟ್ಟಿಯಿಲ್ಲದ ಮಗುವಿಗೆ ವರ್ಣಮಾಲೆಯನ್ನು ‘ಅ’ದಿಂದ ಮತ್ತೆ ಹೇಳಿಸುವುದು ವ್ಯರ್ಥ. ಅದನ್ನು ಅವನು ಹಾಡಿನಂತೆ ಹೇಳಿಬಿಡುತ್ತಾನೆ, ನಡುವೆ ಒಂದನ್ನು ತೋರಿಸಿದರೆ ನಿಲ್ಲುತ್ತಾನೆ. ಬಿಡಿ ಮಿಂಚುಪಟ್ಟಿಗಳಲ್ಲಿ (ಒಂದೊಂದೇ ಅಕ್ಷರ ಬರೆದ ಚೀಟಿಗಳಲ್ಲಿ) ಯಾವುದು ಬರುತ್ತದೆ, ಯಾವುದು ಇಲ್ಲ ಎಂದು ಎರಡು ಗುಡ್ಡೆ ಮಾಡಿ. ನೋಡಲು ಒಂದೇ ರೀತಿ ಇರುವವುಗಳನ್ನು ಒಂದೇ ವಾರದಲ್ಲಿ ಕಲಿಸಬೇಡಿ: ವ-ಪ-ಮ, ಪ-ಷ-ಫ, ದ-ಧ-ಥ, ರ-ಠ, ನ-ಸ. ‘ವ’ ಗಟ್ಟಿಯಾಗಿ ಹದಿನೈದು ದಿನವಾದ ಮೇಲೆ ‘ಮ’ ತನ್ನಿ. ಇಂಗ್ಲಿಷ್ ಕೈಪಿಡಿಗಳು ಅಕ್ಷರ ತಿರುಗಿಸಿ ಬರೆಯುವುದನ್ನೇ ದೊಡ್ಡ ಲಕ್ಷಣವೆಂದು ಹೇಳುತ್ತವೆ. ಕನ್ನಡದಲ್ಲಿ ಅಡ್ಡಗಾಲು ಹಾಕುವುದು ಸಣ್ಣ ಸೀಳು, ಸಣ್ಣ ಬಾಲ, ಹೊಟ್ಟೆಯೊಳಗಿನ ಒಂದು ಗೀಟು.

ಕೈಗೂ ಕೆಲಸ ಕೊಡಿ. ಶಾಲೆ ಶುರುವಾದ ಹೊಸದರಲ್ಲೇ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಎತ್ತು ಮಾಡಲು ತಂದ ಎರೆಮಣ್ಣನ್ನು ಒಂದು ಮುದ್ದೆ ಎತ್ತಿಟ್ಟುಕೊಂಡರೆ ಅಕ್ಷರ ಮಾಡಲು ಸಾಕಾಗುತ್ತದೆ. ಮಣ್ಣನ್ನು ಬತ್ತಿಯಂತೆ ಹೊಸೆದು ‘ಮ’ ಮಾಡುವಾಗ ಆ ಕೊನೆಯ ಬಾಲವನ್ನು ಬೆರಳು ಮರೆಯುವುದಿಲ್ಲ. ಮಣ್ಣು ಒಣಗಿದ ಮೇಲೆ ತಟ್ಟೆಯಲ್ಲಿ ಹರವಿದ ಮರಳು ಸಾಕು. ಬೆರಳು ಬರೆಯುತ್ತಿರುವಾಗ ಬಾಯಿ ಆ ಸದ್ದನ್ನು ಹೇಳುತ್ತಿರಬೇಕು, ಇಲ್ಲದಿದ್ದರೆ ಅದು ಬರೀ ಚಿತ್ರವಾಗಿ ಉಳಿಯುತ್ತದೆ.

ಕಾಗುಣಿತದಲ್ಲಿ ಹೆಚ್ಚು ಮಕ್ಕಳು ಸಿಕ್ಕಿಬೀಳುವುದು ಹ್ರಸ್ವ-ದೀರ್ಘದಲ್ಲಿ. ಇದಕ್ಕೆ ಅರ್ಥ ಬದಲಾಗುವ ಜೋಡಿಪದಗಳೇ ಮದ್ದು: ಬೆಳೆ-ಬೇಳೆ, ಬಳೆ-ಬಾಳೆ, ಕೊಡು-ಕೋಡು. ‘ಸಾರಿಗೆ ಬೆಳೆ ಹಾಕಿದರು’ ಎಂದು ಬರೆದು ತೋರಿಸಿ. ಮಕ್ಕಳು ನಗುತ್ತಾರೆ, ತಾವೇ ತಿದ್ದುತ್ತಾರೆ.

ಇನ್ನು ಒತ್ತಕ್ಷರ. ನಮ್ಮ ಲಿಪಿಯಲ್ಲಿ ಮಕ್ಕಳು ಹೆಚ್ಚು ಸೋಲುವುದು ಇಲ್ಲಿಯೇ, ನಾವು ಅವಸರದಲ್ಲಿ ದಾಟಿಹೋಗುವುದೂ ಇಲ್ಲಿಯೇ. ಒತ್ತುಗಳನ್ನು ಎರಡು ಗುಂಪು ಮಾಡಿಕೊಳ್ಳಿ. ಬಹುತೇಕ ಒತ್ತುಗಳು ತಲೆಕಟ್ಟು ತೆಗೆದ ಮೂಲಾಕ್ಷರದಂತೆಯೇ ಇರುತ್ತವೆ. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ಮೂಲವನ್ನು ಹೋಲುವುದಿಲ್ಲ. ಆದ್ದರಿಂದ ಮೊದಲ ಗುಂಪಿನಿಂದ, ಅದೂ ಸಜಾತಿ ಒತ್ತಿನಿಂದ ಶುರು ಮಾಡಿ. ನಮ್ಮ ಭಾಗದವರಿಗೆ ಇಲ್ಲಿ ಒಂದು ಅನುಕೂಲವಿದೆ. ಪುಸ್ತಕದ ‘ಅಮ್ಮ’ನಲ್ಲಿ ಕಷ್ಟದ ಒತ್ತಿದೆ, ನಮ್ಮ ಮನೆಯ ‘ಅವ್ವ’ನಲ್ಲಿ ಸುಲಭದ ಒತ್ತಿದೆ. ಅವ್ವ, ಅಪ್ಪ, ಅಜ್ಜ, ಅಕ್ಕ, ಅಣ್ಣ: ಮನೆಯವರನ್ನೆಲ್ಲ ಬರೆದು ಮುಗಿಸುವಷ್ಟರಲ್ಲಿ ಐದು ಒತ್ತು ಕೈವಶವಾಗಿರುತ್ತವೆ. ಆಮೇಲೆ ಅಡುಗೆಮನೆಗೆ ಹೋಗಿ: ರೊಟ್ಟಿ, ಹಿಟ್ಟು, ಎಣ್ಣೆ. ಬೆಲ್ಲ, ಅನ್ನ, ತಮ್ಮ, ಅತ್ತೆ ಎಂಬಲ್ಲಿಗೆ ಬಂದಾಗ ಆರರ ಗುಂಪನ್ನು ಒಂದೊಂದಾಗಿ ತೋರಿಸಿ. ವಿಜಾತಿ ಒತ್ತು ಅದರ ನಂತರ.

ಓದಿಸುವಾಗ ಒತ್ತನ್ನು ಕೆಂಪು ಬಣ್ಣದಲ್ಲಿ ಬರೆಯಿರಿ. ಚಪ್ಪಾಳೆ ‘ಅಜ್’ ಎಂದಾಗ ಒಂದು, ‘ಜಿ’ ಎಂದಾಗ ಇನ್ನೊಂದು. ಮೊದಲ ಚಪ್ಪಾಳೆಯ ಕೊನೆಗೆ ನಾಲಿಗೆ ಒಂದು ಕ್ಷಣ ತಡೆಯುವುದನ್ನು ಮಗು ಗಮನಿಸಲಿ. ಅರ್ಕಾವೊತ್ತಿಗೆ ಒಂದು ವಾರ ಬೇರೆಯೇ ಇಡಿ. ‘ಸೂರ್ಯ’ದಲ್ಲಿ ‘ರ್’ ಮೊದಲು ಕೇಳಿಸುತ್ತದೆ, ಬರೆಯುವಾಗ ‘ಯ’ದ ಹಿಂದೆ ಬಂದು ಕೂರುತ್ತದೆ. ಈ ಹಿಂದುಮುಂದನ್ನು ಬಾಯಿಬಿಟ್ಟು ಹೇಳಿಕೊಡಬೇಕು, ತಾನಾಗಿಯೇ ಹೊಳೆಯುವುದಿಲ್ಲ.

ಅಕ್ಷರ ಬಂದೂ ಅರ್ಥ ಹತ್ತದ ಮೂರನೆಯ ಹುಡುಗನಂಥವರಿಗೆ ಹೊಸ ಅಕ್ಷರ ಬೇಡ. ಒಂದೇ ಸಣ್ಣ ಭಾಗವನ್ನು ಮೂರು ದಿನ ಓದಿಸಿ. ಮೊದಲ ದಿನ ನೀವು ಓದಿ, ಮಗು ಬೆರಳಿಡಲಿ. ಎರಡನೆಯ ದಿನ ಇಬ್ಬರೂ ಸೇರಿ ಓದಿ. ಮೂರನೆಯ ದಿನ ಅವನೊಬ್ಬನೇ ಓದಲಿ. ಉದ್ದ ಪದಗಳನ್ನು ಗೀಟೆಳೆದು ಒಡೆದುಕೊಡಿ: ಮನೆಯಲ್ಲಿ/ದ್ದವರೆಲ್ಲರೂ.

ಹೆಜ್ಜೆ 4: ನಲವತ್ತು ಮಕ್ಕಳ ನಡುವೆ ಇದೆಲ್ಲ ಹೇಗೆ?

ಈ ಪ್ರಶ್ನೆ ನ್ಯಾಯವಾದದ್ದು. ಒಬ್ಬರೇ ಶಿಕ್ಷಕರು, ಎರಡು ತರಗತಿ, ಮೇಲೆ ಕಚೇರಿಯ ಮಾಹಿತಿ ತುಂಬುವ ಕೆಲಸ. ನಲಿ-ಕಲಿಯಲ್ಲಿ ಮೂರನೇ ತರಗತಿಯವರೆಗೆ ಮಕ್ಕಳು ತಮ್ಮ ತಮ್ಮ ಮೆಟ್ಟಿಲಿನಲ್ಲಿ, ಬೇರೆ ಬೇರೆ ಗುಂಪಿನಲ್ಲಿ ಕೂರುವುದನ್ನು ನಾವೇ ನಡೆಸಿದ್ದೇವೆ. ನಾಲ್ಕನೆಯ ತರಗತಿಗೆ ಬಂದ ಕೂಡಲೇ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಒಂದೇ ಪುಟ ತೆರೆಸುತ್ತೇವೆ. ಆ ಗುಂಪಿನ ಪದ್ಧತಿಯನ್ನು ದಿನಕ್ಕೆ ಒಂದು ಅವಧಿ ಮುಂದುವರಿಸಿದರೆ ಮೂರ್ನಾಲ್ಕು ಮಕ್ಕಳಿಗೆ ಜಾಗ ಸಿಗುತ್ತದೆ. ಉಳಿದವರು ಬರೆಯುತ್ತಿರುವಾಗ ನೀವು ಇವರ ಜೊತೆ ನೆಲದ ಮೇಲೆ ಕುಳಿತಿರಿ.

ಜಾಗ ಬದಲಿಸಿ: ಕಿಟಕಿ, ಬಾಗಿಲಿನಿಂದ ದೂರ, ಹಲಗೆಗೆ ಹತ್ತಿರ, ಒಳ್ಳೆಯ ಸ್ವಭಾವದ ಮಗುವಿನ ಪಕ್ಕ. ತರಗತಿಯ ಮೊದಲ ರ್‍ಯಾಂಕಿನ ಮಗುವಿನ ಪಕ್ಕ ಎಂದು ನಾನು ಹೇಳುತ್ತಿಲ್ಲ. ಸೂಚನೆ ಒಂದು ಸಲಕ್ಕೆ ಒಂದೇ ಇರಲಿ. ‘ಪುಸ್ತಕ ತೆಗೆದು, ಮೂವತ್ತನೇ ಪುಟ ನೋಡಿ, ಎರಡನೇ ಪ್ರಶ್ನೆ ಬರೆಯಿರಿ’ ಎನ್ನುವುದು ನಮಗೆ ಒಂದು ಮಾತು, ಆ ಮಗುವಿಗೆ ಮೂರು. ಎಲ್ಲರೆದುರು ಗಟ್ಟಿಯಾಗಿ ಓದಿಸಬೇಕೆಂದಿದ್ದರೆ ಹಿಂದಿನ ದಿನವೇ ಯಾವ ಎರಡು ಸಾಲು ಎಂದು ಕಿವಿಯಲ್ಲಿ ಹೇಳಿಡಿ. ಮರುದಿನ ಆ ಎರಡು ಸಾಲನ್ನು ಅದು ಓದುವ ಗತ್ತನ್ನು ನೋಡಬೇಕು.

ಹೊಡೆತ, ಬೈಗುಳದ ಬಗ್ಗೆ ಹೆಚ್ಚು ಬರೆಯುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ‘ತಲೆಯಲ್ಲಿ ಸಗಣಿ ತುಂಬಿದೆಯೇ’ ಎಂಬ ಮಾತು ಎರಡನೆಯದರಲ್ಲಿ ಬರುತ್ತದೆ.

ಹೆಜ್ಜೆ 5: ಬರವಣಿಗೆ ಮತ್ತು ಲೆಕ್ಕ

ಬರೆಯಲು ಒದ್ದಾಡುವ ಮಗುವಿಗೆ ಅಗಲ ಸಾಲಿನ ಪುಸ್ತಕ ಕೊಡಿ. ಒತ್ತು ಕೆಳಗಿಳಿಯಲು ಜಾಗ ಬೇಕು. ಹಲಗೆಯಿಂದ ಇಡೀ ಪ್ರಶ್ನೋತ್ತರ ಇಳಿಸಿಕೊಳ್ಳುವ ಶಿಕ್ಷೆಯಿಂದ ಬಿಡುಗಡೆ ಕೊಡಿ. ಐದು ವಾಕ್ಯದ ಬದಲು ಎರಡು ಬರೆಯಲಿ, ಉಳಿದ ಮೂರನ್ನು ಬಾಯಲ್ಲಿ ಹೇಳಲಿ. ವಿಜ್ಞಾನದ ಉತ್ತರದಲ್ಲಿ ಕಾಗುಣಿತದ ತಪ್ಪಿಗೆ ಅಂಕ ಕಳೆಯಬೇಡಿ.

ಲೆಕ್ಕದಲ್ಲಿ ಸ್ಥಾನಬೆಲೆಯೇ ಮೊದಲ ಎಡವುಗಲ್ಲು. ‘ಮುನ್ನೂರ ಐದು’ ಎಂದರೆ 3005 ಎಂದು ಬರೆಯುವ ಮಗು ಕಿವಿಗೆ ಕೇಳಿದ್ದನ್ನು ನಿಷ್ಠೆಯಿಂದ ಬರೆದಿದೆ: ಮುನ್ನೂರು, ಆಮೇಲೆ ಐದು. ತೊಂಬತ್ತು, ಒಂಬೈನೂರು ಎಂಬ ಹೆಸರುಗಳೂ ‘ಒಂಬತ್ತು’ ಬಲ್ಲ ಮಗುವನ್ನು ದಾರಿ ತಪ್ಪಿಸುತ್ತವೆ. ಪೊರಕೆ ಕಡ್ಡಿಗಳನ್ನು ಹತ್ತರ ಕಟ್ಟು, ಹತ್ತು ಕಟ್ಟು ಸೇರಿ ನೂರರ ಕಟ್ಟು ಮಾಡಿಸಿ. ಮೂರು ದೊಡ್ಡ ಕಟ್ಟು, ಸಣ್ಣ ಕಟ್ಟು ಒಂದೂ ಇಲ್ಲ, ಬಿಡಿ ಕಡ್ಡಿ ಐದು. ಆ ‘ಒಂದೂ ಇಲ್ಲ’ದ ಜಾಗದಲ್ಲಿ ಸೊನ್ನೆಯನ್ನು ಮಗುವೇ ಇಡಲಿ. ಮಗ್ಗಿ ಬಾಯಿಗೆ ಬರದಿದ್ದರೆ ಮಗ್ಗಿ ಪಟ್ಟಿಯನ್ನು ಎದುರಿಗೆ ಇಟ್ಟು ಲೆಕ್ಕ ಮಾಡಲಿ. ಆಗ ಭಾಗಾಕಾರದ ವಿಧಾನವಾದರೂ ಕಲಿಯುತ್ತದೆ.

ಹೆಜ್ಜೆ 6: ಮನೆಯವರೊಂದಿಗೆ ಮಾತು

ಪಾಲಕರ ಸಭೆಯಲ್ಲಿ ಎಲ್ಲರೆದುರು ಈ ಮಾತು ಎತ್ತಬೇಡಿ. ಸಂತೆಯ ದಿನವೋ ಸಂಜೆಯೋ ತಾಯಿಯನ್ನು ಒಬ್ಬರನ್ನೇ ಕಂಡು, ಮಗು ಏನನ್ನು ಚೆನ್ನಾಗಿ ಮಾಡುತ್ತದೆ ಎಂಬುದರಿಂದ ಶುರು ಮಾಡಿ. ‘ಅಕ್ಕೋರೇ, ಇವನಿಗೆ ಓದು ತಲೆಗೆ ಹತ್ತುವುದಿಲ್ಲ, ನಮ್ಮ ಮನೆತನದಲ್ಲೇ ಇಲ್ಲ’ ಎಂದು ಒಬ್ಬ ತಾಯಿ ಹೇಳಿದಾಗ ನಾನು ಕೇಳಿದೆ: ‘ಅಕ್ಕಾ, ಇವನ ಅಪ್ಪನಿಗೂ ಸಣ್ಣವನಿದ್ದಾಗ ಹೀಗೇ ಆಗುತ್ತಿತ್ತೇ?’ ಆಗುತ್ತಿತ್ತಂತೆ. ಬಸ್ಸಿನ ಬೋರ್ಡು ಓದಲು ಈಗಲೂ ಪಕ್ಕದವರನ್ನು ಕೇಳುತ್ತಾನಂತೆ. ಈ ತೊಡಕು ಎಷ್ಟೋ ಮನೆಗಳಲ್ಲಿ ರಕ್ತದಲ್ಲೇ ಹರಿದು ಬರುತ್ತದೆ. ಅದು ಸೋಮಾರಿತನವಲ್ಲ, ಸಾಕಿದವರ ತಪ್ಪೂ ಅಲ್ಲ ಎಂದು ತಿಳಿದಾಗ ಆ ತಾಯಿಯ ಮುಖ ಸ್ವಲ್ಪ ಸಡಿಲವಾಯಿತು. ಮನೆಯಲ್ಲಿ ಮಾಡಲು ಒಂದೇ ಕೆಲಸ ಹೇಳಿ: ರಾತ್ರಿ ಊಟದ ನಂತರ ಮಗು ಐದು ನಿಮಿಷ ಓದಲಿ, ಮನೆಯವರು ಸುಮ್ಮನೆ ಕೇಳಲಿ. ಟ್ಯೂಷನ್ನಿಗೆ ಕಳಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಆಸೆ ಹುಟ್ಟಿಸಬೇಡಿ.

ಹೆಜ್ಜೆ 7: ತಪಾಸಣೆ, ಪ್ರಮಾಣಪತ್ರ

ಮೂರು-ನಾಲ್ಕು ತಿಂಗಳು ಹೀಗೆ ಮಾಡಿದ ಮೇಲೂ ಮಗು ಅಷ್ಟಾಗಿ ಮುಂದೆ ಬಾರದಿದ್ದರೆ ಪರಿಣತರಿಗೆ ತೋರಿಸುವ ಹೊತ್ತು ಬಂದಿದೆ. ನಿಮ್ಮ ಸಿ.ಆರ್.ಪಿ. (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಬಿ.ಆರ್.ಸಿ.ಯಲ್ಲಿರುವ (ಬ್ಲಾಕ್ ಸಂಪನ್ಮೂಲ ಕೇಂದ್ರ) ಬಿ.ಐ.ಇ.ಆರ್.ಟಿ.ಗೆ, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕರಿಗೆ ತಿಳಿಸಿ. ತಾಲ್ಲೂಕು ಮಟ್ಟದ ವೈದ್ಯಕೀಯ ತಪಾಸಣಾ ಶಿಬಿರದ ಪಟ್ಟಿಯಲ್ಲಿ ಹೆಸರು ಸೇರುವುದು ಅವರ ಮೂಲಕವೇ.

ನಮ್ಮ ಭಾಗಕ್ಕೆ ದೊಡ್ಡ ಆಸರೆ ಧಾರವಾಡದ ಡಿಮ್ಹಾನ್ಸ್, ಅಂದರೆ ಅಲ್ಲಿನ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ಬ್ರಿಟಿಷರ ಕಾಲದಿಂದ ಮಾನಸಿಕ ಆಸ್ಪತ್ರೆಯಾಗಿದ್ದ ಜಾಗವಾದ್ದರಿಂದ ಆ ಹೆಸರು ಕೇಳಿದೊಡನೆ ಪಾಲಕರು ಗಾಬರಿಯಾಗುತ್ತಾರೆ. ‘ನನ್ನ ಮಗನಿಗೆ ಹುಚ್ಚು ಹಿಡಿದಿದೆಯೇ?’ ಎಂದು ಕೇಳುತ್ತಾರೆ. ಮಗು ಹೇಗೆ ಕಲಿಯುತ್ತದೆ ಎಂದು ಪ್ರಶ್ನೆ ಕೇಳಿ, ಓದಿಸಿ, ಬರೆಸಿ ನೋಡುವ ಪರೀಕ್ಷೆ ಅಷ್ಟೇ, ಸೂಜಿಯಿಲ್ಲ, ಮಾತ್ರೆಯಿಲ್ಲ ಎಂದು ಮೊದಲೇ ಬಿಡಿಸಿ ಹೇಳಿ. ಸಾಧ್ಯವಾದರೆ ಮೊದಲ ಸಲ ನೀವೂ ಜೊತೆಗೆ ಹೋಗಿ. ಮಗುವಿನ ನೋಟ್‌ಬುಕ್ಕು, ಎರಡನೆಯ ಹೆಜ್ಜೆಯಲ್ಲಿ ನೀವು ಬರೆದುಕೊಂಡ ಹಾಳೆ ಕೈಯಲ್ಲಿರಲಿ. ‘ಓದುವುದಿಲ್ಲ’ ಎಂಬ ಒಂದು ಸಾಲಿಗಿಂತ ಆ ಹಾಳೆಯಿಂದ ಮನಶ್ಶಾಸ್ತ್ರಜ್ಞರಿಗೆ ಹೆಚ್ಚು ತಿಳಿಯುತ್ತದೆ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಕೇಂದ್ರದ 2018ರ ಮಾರ್ಗಸೂಚಿಯಂತೆ ಎಂಟು ವರ್ಷ ತುಂಬಿದ ಮೇಲೆ ಮಾತ್ರ ಪ್ರಮಾಣಪತ್ರ ಸಿಗುತ್ತಿತ್ತು. 14ನೇ ವಯಸ್ಸಿನಲ್ಲಿ ಮತ್ತು 18ನೇ ವಯಸ್ಸಿನಲ್ಲಿ ಮರುಪರೀಕ್ಷೆ ಆಗಬೇಕಿತ್ತು. 2024ರಲ್ಲಿ ಮಾರ್ಗಸೂಚಿ ಪರಿಷ್ಕೃತವಾಗಿದೆ, ಈಗಿನ ನಿಯಮವನ್ನು ತಪಾಸಣೆಗೆ ಹೋದಾಗ ಕೇಳಿಕೊಳ್ಳಿ. ಬಹಳ ಶಾಲೆಗಳು ಹತ್ತನೇ ತರಗತಿಯ ಡಿಸೆಂಬರಿನಲ್ಲಿ ಎಚ್ಚೆತ್ತು ಓಡಾಡುತ್ತವೆ. ಎಸ್.ಎಸ್.ಎಲ್.ಸಿ.ಯಲ್ಲಿ ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವ ಸಹಾಯಕರಂಥ ಸೌಲಭ್ಯಗಳಿಗೆ ಮುಖ್ಯೋಪಾಧ್ಯಾಯರ ಮೂಲಕ ಶಾಲಾ ಪರೀಕ್ಷಾ ಮಂಡಳಿಗೆ ಅರ್ಜಿ ಹೋಗಬೇಕು, ದಾಖಲೆ ಮೊದಲೇ ಸಿದ್ಧವಿರಬೇಕು. ಒಂಬತ್ತನೇ ತರಗತಿ ಮುಗಿಯುವುದರೊಳಗೆ ಕಾಗದ ಕೈಯಲ್ಲಿರಲಿ. ಕೆಳಗಿನ ತರಗತಿಗಳಲ್ಲಿ ಪ್ರಶ್ನೆಯನ್ನು ಓದಿ ಹೇಳಲು, ಉತ್ತರವನ್ನು ಬಾಯಲ್ಲಿ ಕೇಳಲು ಯಾವ ಮಂಡಳಿಯ ಅಪ್ಪಣೆಯೂ ಬೇಕಾಗಿಲ್ಲ.

ಹೆಜ್ಜೆ 8: ತಿಂಗಳಿಗೊಂದು ಪುಟದ ದಾಖಲೆ

ಪ್ರತಿ ಮಗುವಿಗೂ ನಲವತ್ತು ಪುಟದ ಒಂದು ಪುಸ್ತಕ ಇಡಿ. ತಿಂಗಳಿಗೆ ಒಂದು ಸಲ ಅದೇ ಮಟ್ಟದ ಹೊಸ ಐದು ವಾಕ್ಯ ಓದಿಸಿ, ಹೇಳಿದ್ದನ್ನು ಹೇಳಿದಂತೆಯೇ ಬರೆದು ದಿನಾಂಕ ಹಾಕಿ. ಜುಲೈಯಲ್ಲಿ ‘ಅಜಿ’ ಎಂದವಳು ನವೆಂಬರಿನಲ್ಲಿ ‘ಅಜ್ಜಿ’ ಎಂದಿರುತ್ತಾಳೆ, ‘ಜಾತೆ’ ಮಾತ್ರ ಇನ್ನೂ ‘ಜಾತೆ’ಯಾಗಿಯೇ ಇರುತ್ತದೆ. ಮುಂದಿನ ತಿಂಗಳ ಪಾಠ ಯಾವುದೆಂದು ಆ ಪುಟವೇ ಹೇಳುತ್ತದೆ.

ಪುಟ ತಿರುಗಿಸದ ಆ ಹುಡುಗ ಏಳನೇ ತರಗತಿ ಮುಗಿಸಿ ಹೋಗುವಾಗ ‘ವ’ ಮತ್ತು ‘ಮ’ ಎರಡನ್ನೂ ಬಲ್ಲವನಾಗಿದ್ದ, ಬಸ್ಸಿನ ಬೋರ್ಡು ಓದುತ್ತಿದ್ದ, ಪಠ್ಯದ ಅರ್ಧ ಪುಟಕ್ಕೆ ಇನ್ನೂ ಹತ್ತು ನಿಮಿಷ ತೆಗೆದುಕೊಳ್ಳುತ್ತಿದ್ದ. ವರ್ಗಾವಣೆ ಪತ್ರದಲ್ಲಿ ಇದನ್ನು ಬರೆಯಲು ಕಾಲಂ ಇಲ್ಲ. ಹಾಗಾಗಿ ಆ ಪುಸ್ತಕವನ್ನೇ ಹೈಸ್ಕೂಲಿನ ಕನ್ನಡ ಶಿಕ್ಷಕರ ಕೈಗೆ ಕೊಟ್ಟು ಬಂದೆ. ಮೊದಲ ಪುಟಕ್ಕೆ ಒಂದು ಚೀಟಿ ಅಂಟಿಸಿದ್ದೆ: ‘ಕೇಳಿಸಿಕೊಂಡದ್ದನ್ನು ಮರೆಯುವುದಿಲ್ಲ. ಅರ್ಕಾವೊತ್ತು ಇನ್ನೂ ಬಾಕಿ ಇದೆ.’